ಓದು ಬಾರದವರೂ ಓದುವ ಕಿಟಕಿಗಳು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು ಮೈಸೂರಿಗೆ ಹೋದರೆ ಅರಮನೆ, ಜೂ, ಚಾಮುಂಡಿಬೆಟ್ಟ ನೋಡುವಷ್ಟರಲ್ಲಿ ಊರಿನ ಬಸ್ಸಿಗೆ ಹೊತ್ತಾಗಿರುತ್ತದೆ. ಈ ಸಲ ನಾನು ಅವ್ವನನ್ನು ಅಶೋಕ ರಸ್ತೆಯ ಸೇಂಟ್ ಫಿಲೋಮಿನಾ ಚರ್ಚ್ ತೋರಿಸಲೆಂದೇ ಕರೆದುಕೊಂಡು ಹೋಗಿದ್ದೆ.

ಯುರೋಪಿನಲ್ಲಿ ಮಧ್ಯಯುಗದಲ್ಲಿ ಬೆಳೆದ ಗಾಥಿಕ್ ಶೈಲಿಯ ಕಟ್ಟಡ ಇದು. ಜರ್ಮನಿಯ ಕೊಲೋನ್ ಕ್ಯಾಥೆಡ್ರಲ್ ಇದಕ್ಕೆ ಮಾದರಿ. ಅಲ್ಲಿ 1248ರಲ್ಲಿ ಶುರುವಾದ ಕೆಲಸ ಮುಗಿದದ್ದು 1880ರಲ್ಲಿ! ನಮ್ಮದಕ್ಕೆ ಅಷ್ಟು ವಯಸ್ಸಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಅದಕ್ಕೂ ಮೊದಲು ಇದೇ ಜಾಗದಲ್ಲಿ 1843ರಲ್ಲಿ ಚರ್ಚ್ ಕಟ್ಟಿಸಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರ್. ಚಾಮರಾಜನಗರದ ಚಾಮರಾಜೇಶ್ವರನ ಗುಡಿ ಕಟ್ಟಿಸಿದವರೂ ಅವರೇ. ಆ ಲೆಕ್ಕದಲ್ಲಿ ನಮಗಿದು ಬೇರೆಯವರ ಮನೆಯೇನಲ್ಲ.

175 ಅಡಿ ಎತ್ತರದ ಜೋಡಿ ಗೋಪುರ ದೂರದಿಂದಲೇ ಕಾಣುತ್ತದೆ. ಕಿಟಕಿಗಳ ಸೊಗಸು ಹಾಗಲ್ಲ. ಹೊರಗೆ ನಿಂತರೆ ಗಾಜು ಮಂಕು, ಕಪ್ಪು. ಒಳಗೆ ಹೋಗಿ ಬೆಳಕಿನತ್ತ ಮುಖ ಮಾಡಿದಾಗಲೇ ನೀಲಿ, ಕೆಂಪು, ಹಳದಿ ಹೊತ್ತಿಕೊಳ್ಳುವುದು. ಗಾಜು ಕರಗಿಸುವಾಗಲೇ ಲೋಹದ ಅಂಶ ಬೆರೆಸಿ ಬಣ್ಣ ಬರಿಸುವುದು ಈ ಕಲೆಯ ಹಳೆಯ ಪದ್ಧತಿ; ಕೋಬಾಲ್ಟ್ ಸೇರಿದರೆ ನೀಲಿ. ಆಮೇಲೆ ಚೂರುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸುತ್ತಾರೆ.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಬೋರ್ಡಿನಿಂದ ಹಿಡಿದು ಎಲ್ಲವನ್ನೂ ಯಾರಾದರೂ ಓದಿ ಹೇಳಬೇಕು. ಇಲ್ಲಿನ ಗಾಜಿನಲ್ಲಿ ಯೇಸುವಿನ ಜನನ, ಕೊನೆಯ ಊಟ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣ ಇವೆ. ನಾನು ಬಾಯಿ ಬಿಡುವ ಮೊದಲೇ ಅವಳು ಶುರುಮಾಡಿದಳು: "ಇದು ಮಗ ಹುಟ್ಟಿದ್ದು ಕನವ್ವ. ಇಲ್ಲಿ ಎಲ್ರೂ ಉಣ್ಣಕ್ಕೆ ಕೂತವ್ರೆ." ಶಿಲುಬೆಯ ಚಿತ್ರದ ಮುಂದೆ ಮಾತು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, "ಹೆತ್ತವ್ಳ ಹೊಟ್ಟೆ ಎಷ್ಟು ಉರಿದಿರ್ಬೇಡ" ಅಂದಳು. ಅಷ್ಟು ವರ್ಷ ಎಲ್ಲವನ್ನೂ ಅವಳಿಗೆ ಓದಿ ಹೇಳಿದವಳು ನಾನು. ಅವತ್ತು ಅವಳು ಓದಿದಳು, ನಾನು ಕೇಳಿಸಿಕೊಂಡೆ.

ಮಧ್ಯಯುಗದ ಯುರೋಪಿನಲ್ಲೂ ಹೆಚ್ಚಿನ ಜನಕ್ಕೆ ಓದು ಬರುತ್ತಿರಲಿಲ್ಲ. ಅವರಿಗೆ ಬೈಬಲ್ಲಿನ ಕಥೆ ತೋರಿಸಿದ್ದು ಇಂಥ ಕಿಟಕಿಗಳು. ನಮ್ಮಲ್ಲಿ ಗೋಪುರದ ಗಾರೆಗೊಂಬೆ, ಗುಡಿಯ ಗೋಡೆಯ ಶಿಲ್ಪಗಳು ಮಾಡಿದ್ದೂ ಅದೇ ಕೆಲಸ. ನಮ್ಮ ಗರ್ಭಗುಡಿಯ ಕತ್ತಲಲ್ಲಿ ದೇವರನ್ನು ತೋರಿಸುವುದು ಎಣ್ಣೆಯ ದೀಪ. ಇಲ್ಲಿ ಸೂರ್ಯನೇ ದೀಪ.

ಎರಡೂ ಊರಿನಿಂದ ಮೈಸೂರಿಗೆ ನಂಜನಗೂಡಿನ ಮೇಲೆ ಸುಮಾರು 60 ಕಿ.ಮೀ. ಬಿಸಿಲಿರುವ ದಿನ ನೋಡಿಕೊಂಡು ಹೋಗಿ. ಮೋಡ ಕವಿದರೆ ಬಣ್ಣ ಅರ್ಧಕ್ಕರ್ಧ ಇಳಿಯುತ್ತದೆ. ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರನ್ನೂ ಕರೆದೊಯ್ಯಿರಿ. ವಿವರಿಸುವ ಅವಸರ ಬೇಡ, ಮೊದಲು ಅವರೇ ಹೇಳಲಿ.