ಅನುದಾನಿತ ಶಾಲೆ, ಖಾಲಿ ಹುದ್ದೆ ಮತ್ತು ನಮ್ಮ ಯುವಜನರು



ಮೇ 1ರಂದು ಧರ್ಮಸಭೆಯು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. ಜಗತ್ತಿನ ದುಡಿಯುವ ಜನರೆಲ್ಲ ಕಾರ್ಮಿಕ ದಿನ ಆಚರಿಸುವ ದಿನದಂದೇ ಈ ಹಬ್ಬವೂ ಬರಲೆಂದು 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ಇದನ್ನು ಸ್ಥಾಪಿಸಿದರು. ನಮ್ಮ ನಾಡಿನಲ್ಲಿ ಈ ಹಬ್ಬ ಮುಗಿಯುತ್ತಿದ್ದಂತೆಯೇ ಶಾಲೆಗಳ ಬಾಗಿಲು ತೆರೆಯುವ ಕಾಲವೂ ಹತ್ತಿರವಾಗುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ಎದ್ದು ನಿಲ್ಲುತ್ತವೆ. ಚಿಕ್ಕ ಮಗುವನ್ನು ಯಾವ ಶಾಲೆಗೆ ಸೇರಿಸುವುದು ಎಂಬುದು ಒಂದು. ಪದವಿ, ಬಿ.ಎಡ್. ಮುಗಿಸಿ ಮನೆಯಲ್ಲೇ ಇರುವ ಹಿರಿಯ ಮಗಳಿಗೆ ಅಥವಾ ಮಗನಿಗೆ ಕೆಲಸ ಎಲ್ಲಿ ಎಂಬುದು ಇನ್ನೊಂದು.

ಇವೆರಡನ್ನೂ ನಾವು ಬೇರೆ ಬೇರೆ ಚಿಂತೆಗಳೆಂದು ತಿಳಿದಿದ್ದೇವೆ. ಆದರೆ ಇವೆರಡೂ ಕೂಡುವ ಜಾಗ ಒಂದಿದೆ: ಶಾಲೆಯಲ್ಲಿ ಖಾಲಿ ಉಳಿದಿರುವ ಶಿಕ್ಷಕರ ಹುದ್ದೆ. ಅದು ಹೇಗೆ ಖಾಲಿಯಾಗುತ್ತದೆ, ಏಕೆ ತುಂಬುವುದಿಲ್ಲ, ನಮ್ಮಿಂದ ಏನಾದೀತು ಎಂಬುದನ್ನು ಈ ತಿಂಗಳು ಸ್ವಲ್ಪ ವಿವರವಾಗಿ ತಿಳಿಯೋಣ.

ಅನುದಾನ ಎಂದರೇನು?

ಖಾಸಗಿ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಸರಕಾರ ಹಣ ನೀಡುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಳೆಯದು. 1854ರಲ್ಲಿ ಚಾರ್ಲ್ಸ್ ವುಡ್ ಅವರ ಹೆಸರಿನಲ್ಲಿ ಬಂದ ಶಿಕ್ಷಣ ಆದೇಶಪತ್ರವು ಇದಕ್ಕೆ ದಾರಿ ಮಾಡಿತು. ಎಲ್ಲ ಊರುಗಳಲ್ಲಿಯೂ ಸರಕಾರವೇ ಶಾಲೆ ತೆರೆಯುವುದು ಕಷ್ಟ, ಆದ್ದರಿಂದ ಶಾಲೆ ತೆರೆಯಬಲ್ಲವರಿಗೆ ನೆರವು ನೀಡೋಣ ಎಂಬುದು ಅದರ ಹಿಂದಿನ ವಿಚಾರ. ಧರ್ಮಕೇಂದ್ರಗಳ ಹಾಗೂ ಕನ್ಯಾಸ್ತ್ರೀಯರ ಎಷ್ಟೋ ಹಳೆಯ ಶಾಲೆಗಳು ಇದೇ ದಾರಿಯಲ್ಲಿ ಬೆಳೆದವು.

ಇಂದಿನ ವ್ಯವಸ್ಥೆ ಹೀಗಿದೆ. ಕಟ್ಟಡ, ಆಟದ ಬಯಲು, ಪೀಠೋಪಕರಣ, ದುರಸ್ತಿ ಇವೆಲ್ಲ ಆಡಳಿತ ಮಂಡಳಿಯ ಹೊಣೆ. ಮಂಜೂರಾದ ಹುದ್ದೆಗಳಲ್ಲಿರುವ ಶಿಕ್ಷಕರ ಸಂಬಳ ಸರಕಾರದ ಹೊಣೆ. ಸಂಬಳ ಸರಕಾರದಿಂದ ಬರುವ ಕಾರಣ ಬಡವರ ಮಕ್ಕಳಿಂದ ದೊಡ್ಡ ಶುಲ್ಕ ಕೇಳಬೇಕಾದ ಅಗತ್ಯ ಶಾಲೆಗೆ ಬೀಳುವುದಿಲ್ಲ. ಅನುದಾನವು ಶಾಲೆಗೆ ಸಿಗುವ ಸಹಾಯ ಎಂದು ನಾವು ಹೇಳುತ್ತೇವೆ. ನಿಜವಾಗಿ ನೋಡಿದರೆ ಅದು ಆ ಶಾಲೆಯಲ್ಲಿ ಕಲಿಯುವ ಮಕ್ಕಳ ಮನೆಗೆ ಸಿಗುವ ಸಹಾಯ.

ಅನುದಾನ ನೀಡುವಾಗ ಅಲ್ಪಸಂಖ್ಯಾತರ ಶಾಲೆ ಎಂಬ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಸಂವಿಧಾನದ 30ನೆಯ ವಿಧಿ ಹೇಳುತ್ತದೆ. ತಂದೆತಾಯಿಯರು ತಮಗೆ ಸರಿಕಂಡ ಶಾಲೆಯನ್ನು ನಿಜವಾಗಿಯೂ ಆರಿಸಿಕೊಳ್ಳುವಂತಾಗಲು ಸಾರ್ವಜನಿಕ ಹಣ ನ್ಯಾಯವಾಗಿ ಹಂಚಿಕೆಯಾಗಬೇಕೆಂಬುದು 1965ರ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆಯ ಬೋಧನೆಯೂ ಆಗಿದೆ.

ಹುದ್ದೆ ಖಾಲಿ ಉಳಿಯುವುದು ಹೇಗೆ?

ಗಣಿತದ ಮೇಷ್ಟ್ರು ಮೇ ತಿಂಗಳಲ್ಲಿ ನಿವೃತ್ತರಾದರು ಎಂದುಕೊಳ್ಳಿ. ಜೂನ್‌ನಲ್ಲಿ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ ಎಂದು ಪೋಷಕರು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಹುದ್ದೆ ತುಂಬಲು ಆಡಳಿತ ಮಂಡಳಿ ಶಿಕ್ಷಣ ಇಲಾಖೆಯ ಅನುಮತಿ ಕೇಳಬೇಕು. ಸಂಬಳದ ಹೊರೆಯ ಪ್ರಶ್ನೆ ಇರುವುದರಿಂದ ಆರ್ಥಿಕ ಇಲಾಖೆಯ ಒಪ್ಪಿಗೆಯೂ ಬೇಕು. ಅನುಮತಿ ಬಂದ ಮೇಲೆ ಜಾಹೀರಾತು, ಸಂದರ್ಶನ, ಆಯ್ಕೆ, ಆಯ್ಕೆಗೆ ಇಲಾಖೆಯ ಅನುಮೋದನೆ. ಈ ದಾರಿಯಲ್ಲಿ ವರ್ಷಗಳೇ ಸರಿದುಹೋಗುತ್ತವೆ.

ಸರಕಾರದ ಕಷ್ಟವನ್ನೂ ನಾವು ನ್ಯಾಯವಾಗಿ ತೂಗಬೇಕು. ಶಿಕ್ಷಣಕ್ಕೆ ಮೀಸಲಿಟ್ಟ ಹಣದ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಒಂದು ಹುದ್ದೆ ತುಂಬಿದರೆ ಅದು ಮೂವತ್ತು ವರ್ಷಗಳ ಹೊಣೆ. ಕೆಲವು ಊರುಗಳಲ್ಲಿ ಶಾಲೆಗಳು ಹೆಚ್ಚಾಗಿ ಮಕ್ಕಳು ಕಡಿಮೆಯಾಗಿರುವುದೂ ನಿಜ. ಆದರೆ ಕೊಠಾರಿ ಆಯೋಗವು 1966ರಲ್ಲೇ ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ವ್ಯಯಿಸಬೇಕೆಂದು ಹೇಳಿತ್ತು. 1968ರ ಶಿಕ್ಷಣ ನೀತಿ ಅದನ್ನು ಒಪ್ಪಿಕೊಂಡಿತು, 2020ರ ನೀತಿಯೂ ಅದನ್ನೇ ಮತ್ತೆ ಹೇಳಿತು. ಆ ಗುರಿಯನ್ನು ದೇಶ ಇಂದಿಗೂ ಮುಟ್ಟಿಲ್ಲ.

ಈಗ ಒಂದು ಲೆಕ್ಕ ಹಾಕಿ ನೋಡೋಣ. ಎಂಟು ಹುದ್ದೆಗಳಿರುವ ಒಂದು ಪ್ರೌಢಶಾಲೆಯಲ್ಲಿ ಮೂರು ಖಾಲಿ ಇವೆ ಎನ್ನೋಣ. ಪಾಠ ನಿಲ್ಲಬಾರದೆಂದು ಆಡಳಿತ ಮಂಡಳಿ ತನ್ನ ಖರ್ಚಿನಲ್ಲಿ ಮೂವರನ್ನು ತಲಾ 10,000 ರೂಪಾಯಿಗೆ ನೇಮಿಸಿಕೊಳ್ಳುತ್ತದೆ. ತಿಂಗಳಿಗೆ 30,000, ವರ್ಷಕ್ಕೆ 3,60,000 ರೂಪಾಯಿ ಆಯಿತು. ಶಾಲೆಯಲ್ಲಿ 120 ಮಕ್ಕಳಿದ್ದರೆ ಒಂದು ಮಗುವಿನ ಪಾಲಿಗೆ 3,000 ರೂಪಾಯಿ ಬೀಳುತ್ತದೆ. ಕೂಲಿ ಮಾಡುವ ಮನೆಯಿಂದ ಎರಡು ಮಕ್ಕಳು ಬರುತ್ತಿದ್ದರೆ 6,000. ಅದನ್ನು ಕೇಳಿದರೆ ಬಡವರು ಶಾಲೆ ಬಿಡುತ್ತಾರೆ, ಕೇಳದಿದ್ದರೆ ಶಾಲೆ ಸಾಲಕ್ಕೆ ಬೀಳುತ್ತದೆ.

ಇಲ್ಲಿಂದ ಒಂದು ವಿಷಚಕ್ರ ಶುರುವಾಗುತ್ತದೆ. ಮೇಷ್ಟ್ರಿಲ್ಲ ಎಂದು ಪೋಷಕರು ಮಕ್ಕಳನ್ನು ಬೇರೆ ಕಡೆಗೆ ಸೇರಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿದಾಗ ಇದ್ದ ಶಿಕ್ಷಕರೇ ಹೆಚ್ಚುವರಿ ಎನಿಸಿಕೊಂಡು ಬೇರೆ ಶಾಲೆಗೆ ಹೋಗುತ್ತಾರೆ. ಮೇಷ್ಟ್ರಿಲ್ಲವೆಂದು ಮಕ್ಕಳಿಲ್ಲ, ಮಕ್ಕಳಿಲ್ಲವೆಂದು ಮೇಷ್ಟ್ರಿಲ್ಲ. ಬೀಗ ಹಾಕುವ ದಿನ ಬಂದಾಗ ಯಾರೂ ಶಾಲೆಯನ್ನು ಮುಚ್ಚಿದಂತೆ ಕಾಣುವುದಿಲ್ಲ, ಅದು ತಾನಾಗಿಯೇ ಮುಚ್ಚಿಹೋದಂತೆ ಕಾಣುತ್ತದೆ. ಕನ್ನಡ ಮಾಧ್ಯಮದ ಹಳ್ಳಿ ಶಾಲೆಗಳಿಗೆ ಈ ಪೆಟ್ಟು ಹೆಚ್ಚು.

ಹುದ್ದೆ ತುಂಬಿದರೂ ಚಿಂತೆ ಪೂರ್ಣ ನೀಗುವುದಿಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರಕಾರಿ ಸೇವೆಗೆ ಸೇರಿದವರನ್ನು ಹಳೆಯ ನಿಶ್ಚಿತ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆಗೆ ಒಳಪಡಿಸಲಾಯಿತು. ಆ ದಿನಾಂಕದ ನಂತರ ಅನುದಾನಿತ ಸಂಸ್ಥೆಗಳಿಗೆ ಸೇರಿದವರು ಪಿಂಚಣಿಗಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ 2022-23ರಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತರು. ಮೂವತ್ತು ವರ್ಷ ಪಾಠ ಹೇಳಿದವರ ಮುಪ್ಪಿಗೆ ಆಸರೆ ಏನು ಎಂಬುದು ಅವರು ಕೇಳಿದ ಪ್ರಶ್ನೆ.

ಸರಕಾರಿ ಶಾಲೆಗಳಲ್ಲಿಯೂ ಖಾಲಿ ಹುದ್ದೆಗಳ ಸಮಸ್ಯೆ ಇದೆ. ಅಲ್ಲಿ ಅತಿಥಿ ಶಿಕ್ಷಕರನ್ನು ಗೌರವಧನದ ಮೇಲೆ ತೆಗೆದುಕೊಳ್ಳುತ್ತಾರೆ. 2025-26ರ ರಾಜ್ಯ ಬಜೆಟ್ ಈ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿತು. ಒಳ್ಳೆಯದೇ. ಆದರೂ ಶಾಲಾ ವರ್ಷ ಮುಗಿದೊಡನೆ ಅವರ ಕೆಲಸವೂ ಮುಗಿಯುತ್ತದೆ. ಅತಿಥಿ ಎಂಬ ಮಾತಿನಲ್ಲಿ ಗೌರವವಿದೆ, ಅನ್ನದ ಭದ್ರತೆ ಇಲ್ಲ.

ಕೆಲಸ ಹುಡುಕುವ ಮಕ್ಕಳಿಗೆ

ದ್ರಾಕ್ಷಿ ತೋಟದ ಯಜಮಾನನ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ಸಂಜೆಯಾಗುತ್ತಾ ಬಂದಾಗಲೂ ಪೇಟೆಯಲ್ಲಿ ಸುಮ್ಮನೆ ನಿಂತಿದ್ದವರನ್ನು ಆತ ಕಾರಣ ಕೇಳುತ್ತಾನೆ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದು ಅವರು ಹೇಳುತ್ತಾರೆ. ಆತ ಅವರನ್ನು ಸೋಮಾರಿಗಳೆಂದು ಜರೆಯುವುದಿಲ್ಲ, ಕೆಲಸ ಕೊಡುತ್ತಾನೆ. ಓದಿ ಮನೆಯಲ್ಲಿರುವ ಮಕ್ಕಳನ್ನು ಕಂಡು ಚುಚ್ಚಿ ಮಾತನಾಡುವ ಮುನ್ನ ನಾವು ಇದನ್ನು ನೆನೆಯಬೇಕು. ಅವರು ಕಾಯುತ್ತಿರುವ ಹುದ್ದೆಗಳು ಇಲ್ಲದೆ ಇಲ್ಲ, ಇದ್ದೂ ತುಂಬದೆ ಉಳಿದಿವೆ.

ಆದರೆ ಕರೆ ಬಂದಾಗ ಕೈ ಖಾಲಿ ಇರಬಾರದು. ಶಿಕ್ಷಕರಾಗಬಯಸುವವರು ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಸರಿಯಾದ ತರಬೇತಿ. ಒಂದರಿಂದ ಐದನೆಯ ತರಗತಿಗೆ ಪಾಠ ಹೇಳಲು ಬಿ.ಎಡ್. ಸಾಕಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟ್ 11ರಂದು ತೀರ್ಪು ನೀಡಿದೆ. ಅದಕ್ಕೆ ಡಿ.ಇಎಲ್.ಇಡಿ. ತರಬೇತಿಯೇ ಬೇಕು. ಯಾವ ತರಗತಿಗೆ ಯಾವ ತರಬೇತಿ ಎಂದು ತಿಳಿಯದೆ ಸಾಲ ಮಾಡಿ ಕಾಲೇಜು ಸೇರಬಾರದು.

ಎರಡನೆಯದು, ಟಿಇಟಿ ಎಂದು ಕರೆಯುವ ಶಿಕ್ಷಕರ ಅರ್ಹತಾ ಪರೀಕ್ಷೆ. ಒಂದರಿಂದ ಎಂಟನೆಯ ತರಗತಿಯವರೆಗೆ ಬೋಧಿಸಲು ಇದು ಬೇಕು. ಒಂದರಿಂದ ಐದಕ್ಕೆ ಒಂದು ಪತ್ರಿಕೆ, ಆರರಿಂದ ಎಂಟಕ್ಕೆ ಇನ್ನೊಂದು. ಮೊದಲು ಈ ಅರ್ಹತೆ ಏಳು ವರ್ಷಕ್ಕೆ ಮುಗಿದುಹೋಗುತ್ತಿತ್ತು. 2021ರಲ್ಲಿ ಅದನ್ನು ಜೀವನಪರ್ಯಂತ ಮಾನ್ಯವೆಂದು ಮಾಡಲಾಯಿತು. ಸೇವೆಯಲ್ಲಿ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಇದನ್ನು ಪಾಸು ಮಾಡಬೇಕೆಂದು 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಸಂಬಂಧಿಸಿದ ಪ್ರಶ್ನೆಯನ್ನು ಆಗ ದೊಡ್ಡ ಪೀಠಕ್ಕೆ ಬಿಡಲಾಯಿತು. ಹಾಗೆಂದು ಕೈಕಟ್ಟಿ ಕೂರುವುದು ಜಾಣತನವಲ್ಲ. ಪಾಸಾದವರಿಗೆ ನಷ್ಟವೇನೂ ಇಲ್ಲ.

ಮೂರನೆಯದು, ಪ್ರಮಾಣಪತ್ರಗಳು. 2022ರಲ್ಲಿ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ವಿವಾಹಿತ ಮಹಿಳೆಯರು ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೇ ಪತಿಯ ಹೆಸರಿನಲ್ಲಿ ಕೊಡಬೇಕೇ ಎಂಬ ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ನೇಮಕಾತಿ ಆದೇಶ ಕೈಸೇರುವಾಗ 2023 ಮುಗಿಯುತ್ತಾ ಬಂದಿತ್ತು. ಅರ್ಜಿ ಹಾಕುವ ಮುನ್ನ ಅಧಿಸೂಚನೆಯನ್ನು ಪೂರ್ಣ ಓದಿ, ಬೇಕಾದ ಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕಾಯುವ ದಿನಗಳಿಗೆ ಯುವನಿಧಿ ಯೋಜನೆಯಿಂದ ಸ್ವಲ್ಪ ಆಸರೆ ಸಿಗುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಇದರ ಹಣ ವಿತರಣೆ ಆರಂಭವಾಯಿತು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ, ಕೆಲಸ ಸಿಕ್ಕೊಡನೆ ನಿಲ್ಲುತ್ತದೆ. ಅರ್ಹರು ಸಂಕೋಚಪಡದೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಲಿ. ಆದರೆ ಭತ್ಯೆಯು ದಾರಿಖರ್ಚು ಮಾತ್ರ, ಊರು ತಲುಪಿಸುವುದು ಕೆಲಸವೇ. ಕೆಲಸವಿಲ್ಲದವರಿಗೆ 3,000 ನೀಡುವ ಸರಕಾರ ಮಂಜೂರಾದ ಹುದ್ದೆಯನ್ನೂ ತುಂಬಿದರೆ ಒಬ್ಬ ಯುವತಿಗೆ ಬಾಳು, ನೂರು ಮಕ್ಕಳಿಗೆ ಪಾಠ ಎರಡೂ ಸಿಕ್ಕಂತಾಗುತ್ತದೆ.

ನಾವು ಮಾಡಬಹುದಾದದ್ದು

ನಮ್ಮ ಶಾಲೆ ಉಳಿಯಬೇಕೆನ್ನುವವರು ಮಕ್ಕಳನ್ನು ಅಲ್ಲಿಗೇ ಸೇರಿಸೋಣ, ಅದೂ ಶಾಲೆ ತೆರೆಯುವ ದಿನಗಳಲ್ಲೇ ಸೇರಿಸೋಣ. ಇಲಾಖೆ ಹುದ್ದೆಗಳನ್ನು ಅಳೆಯುವುದು ಮಕ್ಕಳ ಸಂಖ್ಯೆಯಿಂದ.

ಪೋಷಕರ ಸಭೆಯಲ್ಲಿ ಬೇಸರ ತೋಡಿಕೊಂಡು ಮನೆಗೆ ಹೋದರೆ ಪ್ರಯೋಜನವಿಲ್ಲ. ಮನವಿಯನ್ನು ಬರೆದು, ಸಹಿ ಹಾಕಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಜಿಲ್ಲಾ ಉಪನಿರ್ದೇಶಕರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಹುದ್ದೆ ಎಷ್ಟು, ಖಾಲಿ ಎಷ್ಟು, ಪ್ರಸ್ತಾವ ಯಾವ ಮೇಜಿನ ಮೇಲಿದೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ, 7 ಪದವೀಧರರ ಕ್ಷೇತ್ರಗಳಿಗೆ ಸೇರಿವೆ. ಪದವಿ ಪಡೆದು ಮೂರು ವರ್ಷ ಕಳೆದವರು ಮತದಾರರಾಗಬಹುದು. ಆದರೆ ಸಾಮಾನ್ಯ ಮತಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಬೇರೆ ಅರ್ಜಿ ಹಾಕಬೇಕು, ಪ್ರತಿ ಚುನಾವಣೆಗೂ ಹೊಸದಾಗಿ ಹಾಕಬೇಕು. ಶಾಲೆಯ ಮಾತನ್ನು ಸದನದಲ್ಲಿ ಆಡಬೇಕಾದವರನ್ನು ಆರಿಸುವ ಈ ಹಕ್ಕನ್ನು ನಮ್ಮಲ್ಲಿ ಅನೇಕರು ಬಳಸುತ್ತಲೇ ಇಲ್ಲ.

ಧರ್ಮಕೇಂದ್ರದಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಸಂಜೆ ಖಾಲಿ ಇರುವ ಸಭಾಂಗಣವಿದೆ. ವಾರಕ್ಕೆ ಎರಡು ಸಂಜೆ ಟಿಇಟಿ ತಯಾರಿ ತರಗತಿ ನಡೆಸಲು ಬೇರೇನು ಬೇಕು? ಅಲ್ಲಿಗೆ ಯಾವ ಧರ್ಮದ ಮಕ್ಕಳು ಬಂದರೂ ಬಾಗಿಲು ತೆರೆದಿರಲಿ.

ಕೊನೆಯದಾಗಿ ಒಂದು ಮಾತು. ಆಡಳಿತ ಮಂಡಳಿಯೇ ಸಂಬಳ ನೀಡುವ ಶಿಕ್ಷಕರಿಗೆ ನ್ಯಾಯವಾದ ವೇತನ, ಭವಿಷ್ಯ ನಿಧಿ, ರಜೆಯ ಸಂಬಳ ಸಿಗಬೇಕು. ದುಡಿಯುವವನ ವೇತನ ಅವನ ಸಂಸಾರ ಸಾಗುವಷ್ಟಿರಬೇಕೆಂದು ಧರ್ಮಸಭೆ 1891ರಿಂದ ಸಾಮಾಜಿಕ ವಿಶ್ವಪತ್ರಗಳಲ್ಲಿ ಬೋಧಿಸುತ್ತಾ ಬಂದಿದೆ. ಸರಕಾರದ ಮುಂದೆ ನ್ಯಾಯ ಕೇಳುವ ನಮ್ಮ ದನಿಗೆ ಬಲ ಬರುವುದು ನಮ್ಮ ಶಾಲೆಯ ಸಂಬಳದ ಪುಸ್ತಕದಲ್ಲಿಯೂ ಆ ನ್ಯಾಯ ಕಂಡಾಗ.

ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಗುವಿನ ಹಿಂದೆ ಗುರು ಇರಲಿ, ಗುರುವಾಗಲು ಓದಿದವರ ಮುಂದೆ ಗುರಿ ಇರಲಿ. ನಜರೇತಿನ ಬಡಗಿಯಾದ ಸಂತ ಜೋಸೆಫರು ನಮ್ಮ ಶಾಲೆಗಳಿಗಾಗಿಯೂ ಕೆಲಸಕ್ಕಾಗಿ ಕಾಯುತ್ತಿರುವ ನಮ್ಮ ಮಕ್ಕಳಿಗಾಗಿಯೂ ಪ್ರಾರ್ಥಿಸಲಿ.