ಮಗ್ಗದ ಮನೆಯಲ್ಲಿ ಒಳಾಂಗಣ ವಿನ್ಯಾಸದ ಪಾಠ

ಒಳಾಂಗಣ ವಿನ್ಯಾಸವೆಂಬ ವಿದ್ಯೆ ಈಗ ನಮ್ಮ ಜಿಲ್ಲೆಯ ಕನ್ನಡ ಮನೆಗಳಿಗೆ ಅಪರಿಚಿತವಾಗಿ ಉಳಿದಿಲ್ಲ. ಪ್ಲಸ್ ಟು ಮುಗಿಸಿದ ಮಕ್ಕಳು ಮಂಗಳೂರಿಗೋ, ಬೆಂಗಳೂರಿಗೋ, ಕೊಯಮತ್ತೂರಿಗೋ ಹೋಗಿ ಅದನ್ನು ಕಲಿಯುತ್ತಿದ್ದಾರೆ. ಏನು ಕಲಿಯುವುದೆಂದು ಅಜ್ಜಿ ಕೇಳಿದರೆ, ಮನೆ ಸಿಂಗಾರ ಮಾಡುವುದಂತೆ ಎಂಬ ಉತ್ತರ ಬರುತ್ತದೆ. ಸೋಫಾ, ಪರದೆ, ಜಿಪ್ಸಮ್ಮಿನ ಸುಳ್ಳು ಮಾಡು, ಅದರೊಳಗೆ ಬಚ್ಚಿಟ್ಟ ದೀಪ, ಇಷ್ಟೇ ಅದರ ವ್ಯಾಪ್ತಿ ಎಂದು ನಾವೂ ಬಹುಮಂದಿ ತಿಳಿದಿದ್ದೇವೆ. ಹಣವಂತರ ಮನೆಗೆ ಅಷ್ಟೇ ಸಾಕಾದೀತು. ಆದರೆ ಹತ್ತು ಮನೆಯವರು ಕೂಡಿ ದುಡಿಯುವ, ಕೂಡಿ ಕುಳಿತುಕೊಳ್ಳುವ ಜಾಗದ ಒಳಗನ್ನು ರೂಪಿಸಬೇಕಾಗಿ ಬಂದರೆ ಈ ವಿದ್ಯೆ ಏನು ಮಾಡಬಲ್ಲದು ಎಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆ ನಮ್ಮ ಮುಂದೆ ಬಂದುದು ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳ ಮೂಲಕ. ಆಕೆ ತಮಿಳುನಾಡಿನ ಒಂದು ಕಾಲೇಜಿನಲ್ಲಿ ಒಳಾಂಗಣ ವಿನ್ಯಾಸ ಓದುತ್ತಿದ್ದಾಳೆ. ಯಾವುದಾದರೊಂದು ಸಮುದಾಯವನ್ನು ಆರಿಸಿಕೊಂಡು ಅವರಿಗೆ ಬೇಕಾದ ಸಾಮೂಹಿಕ ಕೊಠಡಿಯನ್ನು ರೂಪಿಸಿ ತರಬೇಕೆಂದು ಅಲ್ಲಿ ಕೆಲಸ ಕೊಟ್ಟಿದ್ದರು. ಆಕೆ ಸೇಲಮಿನ ಕೈಮಗ್ಗದ ನೇಕಾರರನ್ನು ಆರಿಸಿಕೊಂಡಳು. "ಮಾಷ್ಟ್ರೇ, ಅವರ ಮನೆಯಲ್ಲಿ ಕನ್ನಡ ಮಾತಾಡ್ತಾರಂತೆ, ನೀವೂ ಒಮ್ಮೆ ಬನ್ನಿ" ಎಂದು ಫೋನು ಮಾಡಿದಳು. ಕ್ರಿಸ್ಮಸ್ ರಜೆಯಲ್ಲಿ ನಾವು ಕಾಸರಗೋಡಿನಲ್ಲಿ ಚೆನ್ನೈ ಮೈಲು ಹತ್ತಿದೆವು. ಸೇಲಂ ಅದೇ ದಾರಿಯಲ್ಲಿದೆ.

ಸೇಲಂ–ಧರ್ಮಪುರಿ ಸೀಮೆ ಕನ್ನಡಕ್ಕೆ ಹೊಸತೇನೂ ಅಲ್ಲ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಬಾರಾಮಹಲ್ ಎಂದು ಕರೆಯಲಾಗುತ್ತಿದ್ದ ಆ ಪ್ರದೇಶ 1792ರ ಶ್ರೀರಂಗಪಟ್ಟಣದ ಒಪ್ಪಂದದ ತನಕ ಮೈಸೂರಿನ ಕೈಯಲ್ಲೇ ಇತ್ತು. ಹೊಗೆನಕಲ್ಲೆಂಬ ಹೆಸರನ್ನು ಬಿಡಿಸಿ ಹೇಳಲು ಕನ್ನಡ ಬಲ್ಲವನಿಗೆ ನಿಘಂಟು ಬೇಡ. 1965ರಲ್ಲಿ ಸೇಲಮಿನಿಂದ ಧರ್ಮಪುರಿ ಜಿಲ್ಲೆಯನ್ನೂ, 2004ರಲ್ಲಿ ಧರ್ಮಪುರಿಯಿಂದ ಹೊಸೂರನ್ನೊಳಗೊಂಡ ಕೃಷ್ಣಗಿರಿ ಜಿಲ್ಲೆಯನ್ನೂ ಬೇರ್ಪಡಿಸಲಾಯಿತು. ಹೊಸೂರಿನ ಕಡೆಯ ಕನ್ನಡಿಗರ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುವುದುಂಟು. ಸೇಲಂ ಪಟ್ಟಣದೊಳಗಿನ ದೇವಾಂಗ ನೇಕಾರರ ಕನ್ನಡ ಮಾತ್ರ ಸುದ್ದಿಯಾಗುವುದಿಲ್ಲ. ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ಈ ಜನ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಆಡುತ್ತ ಬಂದಿದ್ದಾರೆ. ಅವರ ಮಕ್ಕಳು ಓದು ಬರಹ ಕಲಿಯುವುದು ತಮಿಳಿನಲ್ಲಿ. ನಾವು ಕಂಡ ಮನೆಗಳಲ್ಲಿ ಕನ್ನಡ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. ನಮಗಾದರೋ 1956ರಲ್ಲಿ ಗಡಿ ಆಚೀಚೆಯಾದರೂ ಶಾಲೆ ಉಳಿಯಿತು, ಪಠ್ಯಪುಸ್ತಕ ಉಳಿಯಿತು, ಇಂತಹ ಒಂದು ಪತ್ರಿಕೆಯೂ ಉಳಿಯಿತು. ಅವರಿಗೆ ಉಳಿದುದು ಮನೆಯ ಒಳಗು ಮಾತ್ರ.

ಆ ಒಳಗು ಹೇಗಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೀದಿಗೆ ತಾಗಿ ತಿಣ್ಣೆ. ನಮ್ಮ ಜಗಲಿಯೆಂದೇ ತಿಳಿಯಬಹುದು. ಬಾಗಿಲು ದಾಟಿದರೆ ಸಿಗುವ ಮೊದಲ ಕೋಣೆಯೇ ಮಗ್ಗದ ಕೋಣೆ. ಅಡಿಗೆ, ದೇವರು, ನಿದ್ದೆ ಎಲ್ಲವೂ ಅದರ ಹಿಂದೆ. ಮಗ್ಗ ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಯುವವರು ಗುಂಡಿಯ ಅಂಚಿನಲ್ಲಿ ನೆಲಮಟ್ಟಕ್ಕೆ ಕುಳಿತು, ಕಾಲನ್ನು ಒಳಕ್ಕೆ ಇಳಿಬಿಟ್ಟು ತುಳಿಮಣೆಗಳನ್ನು ತುಳಿಯುತ್ತಾರೆ. ನೆಲದೊಳಗಿನ ತಂಪಿನಿಂದಾಗಿ ನೂಲು ಒಣಗದೆ, ಕಡಿಯದೆ ಇರುತ್ತದೆಂಬುದು ಗುಂಡಿಯ ಒಂದು ಲಾಭ. ಇನ್ನೊಂದು ಲಾಭವನ್ನು ನಾವು ಪುಸ್ತಕದಲ್ಲಿ ಓದಿದ್ದಲ್ಲ, ಅಲ್ಲೇ ಕುಳಿತು ಕಂಡುದು. ನೇಯುವ ತಾಯಿಯ ಕಣ್ಣೂ, ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಶಾಲೆಯ ಲೆಕ್ಕ ಮಾಡುವ ಮಗುವಿನ ಕಣ್ಣೂ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿರುತ್ತವೆ. ಲಾಳಿ ಆಚೆ ಈಚೆ ಓಡುತ್ತಿರುತ್ತದೆ, ಮಾತೂ ನಡೆಯುತ್ತಿರುತ್ತದೆ. ಅಜ್ಜಿ ಗೋಡೆಗೊರಗಿ ರಾಟೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ನೆರೆಮನೆಯವಳು ಬಂದು ಹೊಸ್ತಿಲ ಮೇಲೆ ಕೂರುತ್ತಾಳೆ. ಇವರೆಲ್ಲರ ಮಾತು ಕನ್ನಡದಲ್ಲಿ. ಅರ್ಧದಷ್ಟು ಶಬ್ದ ತಮಿಳಿನವು, ಆದರೂ ಕನ್ನಡವೇ. ಗಿರಾಕಿಯೋ ಸೊಸೈಟಿಯವರೋ ಬಾಗಿಲಿಗೆ ಬಂದರೆ ಥಟ್ಟನೆ ತಮಿಳಿಗೆ ತಿರುಗುತ್ತದೆ.

ಯಂತ್ರಮಗ್ಗದ ಶೆಡ್ಡಿಗೆ ಹೋದರೆ ಇದೇ ಜನ ನಿಂತು ಕೆಲಸ ಮಾಡುತ್ತಾರೆ. ಅಲ್ಲಿ ಶಬ್ದ 90 ಡೆಸಿಬೆಲ್ ಮೀರುವುದು ಸಾಮಾನ್ಯ. ಎಂಟು ಗಂಟೆಯ ದುಡಿಮೆಗೆ ಕಾರ್ಖಾನೆ ನಿಯಮಗಳು ಇಟ್ಟಿರುವ ಮಿತಿಯೂ 90. ಒಬ್ಬರಿಗೊಬ್ಬರು ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಇಲ್ಲವಾದರೆ ಕೈಸನ್ನೆಯೇ ಗತಿ. ಕಿವಿಯ ಆರೋಗ್ಯದ ಮಾತು ಹಾಗಿರಲಿ. ಅಕ್ಷರದ ಆಸರೆಯಿಲ್ಲದ ಒಂದು ಭಾಷೆ ದಿನಕ್ಕೆ ಎಂಟು ಗಂಟೆ ಮೌನವಾದರೆ ಏನಾದೀತೆಂದು ಭಾಷಾಶಾಸ್ತ್ರಜ್ಞರನ್ನು ಕೇಳಬೇಕಾದುದಿಲ್ಲ. ನಾವು ಹೋದ ಬೀದಿಯಲ್ಲೇ ಕೆಲವು ಮನೆಗಳಲ್ಲಿ ಗುಂಡಿ ಮುಚ್ಚಿ ಟೈಲ್ಸ್ ಹಾಸಿಯಾಗಿತ್ತು. ಅದನ್ನು ದೂರುವುದಕ್ಕೂ ನಮಗೆ ಮನಸ್ಸಿಲ್ಲ. ಕೈಮಗ್ಗದ ಕೂಲಿಯಲ್ಲಿ ಸಂಸಾರ ಸಾಗದಿದ್ದಾಗ ಗುಂಡಿಯನ್ನು ಇಟ್ಟುಕೊಳ್ಳಿರೆಂದು ಹೇಳಲು ನಾವು ಯಾರು?

ಹುಡುಗಿ ತಂದ ಮೊದಲ ನಕ್ಷೆ ಅಚ್ಚುಕಟ್ಟಾಗಿತ್ತು. ಒಂದು ಸಭಾಂಗಣ, ಒಂದು ತುದಿಗೆ ವೇದಿಕೆ, ಕುರ್ಚಿಗಳ ಸಾಲು, ಗೋಡೆಯಲ್ಲಿ ನೇಕಾರಿಕೆಯ ದೊಡ್ಡ ಚಿತ್ರ, ಮೂಲೆಯಲ್ಲಿ ನೋಡುವುದಕ್ಕೆಂದು ಒಂದು ಮಗ್ಗ. ಆಕೆ ಅದನ್ನು ತಿಣ್ಣೆಯ ಮೇಲೆ ಹರಡಿ ವಿವರಿಸಿದಳು. ಎಲ್ಲರೂ ಚೆನ್ನಾಗಿದೆ ಎಂದರು. ಊರಿನವರು ಹಾಗೆ ಹೇಳುವುದು ವಾಡಿಕೆ. ಅದನ್ನು ಒಪ್ಪಿಗೆಯೆಂದು ತಿಳಿಯಬಾರದು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ವೃದ್ಧೆ ಕೇಳಿದರು: "ಪಾವು ಎಲ್ಲಿ ಹಾಕೋದಮ್ಮಾ?"

ಪಾವೆಂದರೆ ನಾವು ಹೇಳುವ ಹಾಸು. ಹಾಸು ಹೊಕ್ಕಾಗಿದೆ ಎಂದು ನಾವು ಭಾಷಣದಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಹಾಸನ್ನು ಹಾಕುವುದನ್ನು ಎಷ್ಟು ಮಂದಿ ಕಂಡಿದ್ದೇವೆ? ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಬಾಚಿ ಒಣಗಿಸಬೇಕು. ಬಿಸಿಲೇರುವ ಮೊದಲೇ ಮುಗಿಯಬೇಕಾದ ಕೆಲಸವಿದು. ಒಂದು ಮನೆಯವರಿಂದ ಆಗತಕ್ಕದ್ದಲ್ಲ. ಇಂದು ನಿಮ್ಮದು, ನಾಳೆ ನಮ್ಮದು ಎಂದು ನೆರೆಯವರು ಕೈಗೂಡಿಸುತ್ತಾರೆ. ಬೀದಿಯಲ್ಲಿ ಬೈಕು, ಕಾರು ಹೆಚ್ಚಿದಂತೆ ಇದಕ್ಕೆ ಸ್ಥಳ ಇಲ್ಲವಾಗುತ್ತಿದೆ. ಆ ಬೀದಿಯ ಜನ ಸಮುದಾಯವಾಗಿ ಕೂಡುತ್ತಿದ್ದುದು ಯಾವ ಸಭೆಯಲ್ಲೂ ಅಲ್ಲ, ಬೆಳಗಿನ ಜಾವದ ಈ ಹಾಸಿನ ಸುತ್ತ. ಅವರಿಗೆ ಬೇಕಾದುದು ಅಗಲವಾದ ಸಭಾಂಗಣವಲ್ಲ. ಉದ್ದವಾದ, ಕಿರಿದಾದ, ನೆರಳಿರುವ, ಎರಡೂ ತುದಿ ತೆರೆದಿರುವ ಒಂದು ಸಾಲುಕೋಣೆ. ವೇದಿಕೆಯಂತೂ ಯಾರಿಗೂ ಬೇಡ.

ನಕ್ಷೆಯನ್ನು ಕಾಗದದಲ್ಲಿ ತೋರಿಸಿದರೆ ಸಾಲದು ಎಂಬುದೂ ಆಗ ಗೊತ್ತಾಯಿತು. ಅಳತೆಯ ಕೋಲು ಹಿಡಿದು ಕಲಿತವರಿಗಷ್ಟೇ ಕಾಗದದ ಗೆರೆ ಗೋಡೆಯಾಗಿ ಕಾಣುತ್ತದೆ. ಮರುದಿನ ಹುಡುಗಿ ಖಾಲಿ ಜಾಗವೊಂದರಲ್ಲಿ ರಂಗೋಲಿಪುಡಿಯಿಂದ ಕೊಠಡಿಯನ್ನು ಇದ್ದಷ್ಟೇ ಅಳತೆಗೆ ಬರೆದಳು. ಆಗ ನೋಡಬೇಕಿತ್ತು ಮಾತಿನ ಮಳೆಯನ್ನು! ಹೆಂಗಸರು ಗೆರೆಯೊಳಗೆ ನಡೆದು ನೋಡಿದರು, ಕುಳಿತು ನೋಡಿದರು. ಇಲ್ಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಇಲ್ಲಿ ಕೂತರೆ ಬಾಗಿಲು ಕಾಣುವುದಿಲ್ಲ, ಮಗು ತೊಟ್ಟಿಲು ಎಲ್ಲಿ ಕಟ್ಟಬೇಕು ಎಂದೆಲ್ಲ ಶುರುವಾಯಿತು. ದೇಶದ ನಾಲ್ಕನೆಯ ಕೈಮಗ್ಗ ಗಣತಿಯ (2019–20) ಪ್ರಕಾರ ಈ ಕಸುಬಿನಲ್ಲಿರುವ ಸುಮಾರು 35 ಲಕ್ಷ ಜನರಲ್ಲಿ ನೂರಕ್ಕೆ 72 ಮಂದಿ ಹೆಂಗಸರು. ತೊಟ್ಟಿಲ ಕೊಕ್ಕೆ ಎಲ್ಲಿರಬೇಕೆಂಬುದು ಹಾಗಾದರೆ ಸಣ್ಣ ಮಾತಲ್ಲ.

ಜಕಾರ್ಡ್ ಪೆಟ್ಟಿಗೆ ಮಗ್ಗದ ತಲೆಯ ಮೇಲೆ ಕೂರುವುದರಿಂದ ಮಾಡು ಎತ್ತರವಿರಬೇಕು. ಈಗಿನ ತಗ್ಗು ಕಾಂಕ್ರೀಟು ಮನೆಗಳಲ್ಲಿ ಅದು ತೊಡಕು. ವಯಸ್ಸಾದವರಿಗೆ ಗುಂಡಿಯಿಂದ ಏಳಲು ಹಿಡಿಯುವುದಕ್ಕೊಂದು ಮರದ ಸಲಾಕೆ ಬೇಕು. ಗಾಲಿಕುರ್ಚಿಯವರಿಗೆ 90 ಸೆಂಟಿಮೀಟರ್ ಅಗಲದ ಬಾಗಿಲು, ಒಂದಡಿ ಏರುವುದಕ್ಕೆ 12 ಅಡಿ ಉದ್ದದ ಇಳಿಜಾರು ಎಂದು ಸರಕಾರದ ಮಾರ್ಗಸೂಚಿಗಳೇ ಹೇಳುತ್ತವೆ. ಇವನ್ನೆಲ್ಲ ಕಾಲೇಜು ಕಲಿಸುತ್ತದೆ, ಚೆನ್ನಾಗಿಯೇ ಕಲಿಸುತ್ತದೆ. 1960ರಿಂದ ಸೇಲಮಿನಲ್ಲೇ ಇರುವ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಂತಹ ಕಡೆ ಮಗ್ಗದ ಲೆಕ್ಕವೂ ಸಿಗುತ್ತದೆ. ಮಾತು ನಡೆಯುವ ಎತ್ತರ ಎಷ್ಟು ಎಂಬುದಕ್ಕೆ ಮಾತ್ರ ಕೈಪಿಡಿಯಿಲ್ಲ.

ಅಲ್ಲಿಂದ ನಾವು ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಗೆ ಹೋದೆವು. ಅಲ್ಲಿನ ಗಿರಿಜನರ ಹೆಸರು ಮಲಯಾಳಿ! ಕೇರಳಕ್ಕೂ ಇವರಿಗೂ ಸಂಬಂಧ ಕಲ್ಪಿಸಬಾರದು. ಮಲೆಯಲ್ಲಿ ಆಳುವವರು, ಎಂದರೆ ಬೆಟ್ಟದ ಜನ, ಮಾತು ತಮಿಳು. ಜೊತೆಗೆ ಲಂಬಾಣಿಗರ ತಾಂಡಾಗಳಿವೆ. ನಿಜವಾದ ಮಲಯಾಳಿಗಳೆಂದರೆ ಅಲ್ಲಿಗೆ 1993ರಲ್ಲಿ ಬಂದು ಆಸ್ಪತ್ರೆ ತೆರೆದ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ದಂಪತಿಗಳು. ಮಣ್ಣು, ಹುಲ್ಲಿನ ಚಿಕ್ಕ ಗುಡಿಸಲಿನಲ್ಲಿ ಶುರುವಾದ ಆ ಚಿಕಿತ್ಸಾಲಯ ಕ್ರಮೇಣ ಹಾಸಿಗೆಗಳುಳ್ಳ ಆಸ್ಪತ್ರೆಯಾಯಿತು. ಅನುರಾಧಾ ಮತ್ತು ಕೃಷ್ಣ ಎಂಬ ವಾಸ್ತುಶಿಲ್ಪಿ ದಂಪತಿಗಳು ಅದೇ ಊರಲ್ಲಿ ನೆಲೆಸಿ 2004ರಲ್ಲಿ 'ತುಳಿರ್' ಎಂಬ ಕಲಿಕಾ ಕೇಂದ್ರವನ್ನು ಆರಂಭಿಸಿದರು. ತುಳಿರ್ ಎಂದರೆ ನಮ್ಮ ತಳಿರೇ. ಕಟ್ಟಡ ಕಟ್ಟುವುದೂ ಅಲ್ಲಿ ಪಾಠದ ಒಂದು ಭಾಗ. ಲಂಬಾಣಿ ಹೆಂಗಸರು ಮರೆಯುತ್ತಿದ್ದ ಕಸೂತಿಯನ್ನು 'ಪೊರ್ಗೈ' ಎಂಬ ಹೆಸರಿನಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದಾರೆ; ಹೆಮ್ಮೆ ಎಂದು ಅವರ ಭಾಷೆಯಲ್ಲಿ ಅದರ ಅರ್ಥ. ಹುಡುಗಿ ಅಲ್ಲಿ ಅಳತೆ ಪಟ್ಟಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಕಸೂತಿ ಹಾಕುವವರು ಎಲ್ಲಿ ಕೂರುತ್ತಾರೆ, ಬೆಳಕು ಬದಲಾದಂತೆ ಎಲ್ಲಿಗೆ ಸರಿಯುತ್ತಾರೆ ಎಂಬುದನ್ನಷ್ಟೇ ನೋಡುತ್ತ ಕುಳಿತಳು. ಆ ನೋಟವೇ ದೊಡ್ಡ ಕಲಿಕೆಯೆಂದು ನಮ್ಮ ಅಭಿಪ್ರಾಯ.

ಇಂತಹ ಕೆಲಸಕ್ಕೆ ಕೇರಳದಲ್ಲೇ ಹಿರಿಯ ಮೇಲ್ಪಂಕ್ತಿಯಿದೆ. 1945ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದು, ಕೊನೆಗೆ ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಇಟ್ಟಿಗೆಯಲ್ಲೇ ಕೂರುವ ಕಟ್ಟೆ, ಗೂಡು, ಜಾಲಿ ಕಿಟಕಿಗಳನ್ನು ಕಟ್ಟಿ ಪೀಠೋಪಕರಣದ ಖರ್ಚನ್ನೇ ಇಳಿಸಿದವರು. ನಮ್ಮ ಜಿಲ್ಲೆಯ ಹಳೆಮನೆಗಳ ಚಾವಡಿಯೇನು ಕಡಿಮೆ? ತಾಳಮದ್ದಳೆಗೆ ರಂಗಸ್ಥಳ ಬೇಕಾಗಿಲ್ಲ. ಚಾಪೆ ಹಾಸಿ, ನಡುವೆ ಭಾಗವತರು, ಎದುರುಬದುರಾಗಿ ಅರ್ಥಧಾರಿಗಳು ಕುಳಿತರೆ ಚಾವಡಿ ಕುರುಕ್ಷೇತ್ರವಾಗುತ್ತದೆ, ಜಗಲಿಯಲ್ಲಿದ್ದವರಿಗೂ ಮಾತು ಕೇಳುತ್ತದೆ. ಈಗ ಕಟ್ಟಿಸುವ ಸಭಾಭವನಗಳಲ್ಲಿ ಅದೇ ಅರ್ಥಗಾರಿಕೆ ತಗಡಿನ ಮಾಡಿಗೆ ಬಡಿದು ಪ್ರತಿಧ್ವನಿಸಿ, ಮೂರನೆಯ ಸಾಲಿನವನಿಗೆ ಒಂದಕ್ಷರ ತಿಳಿಯುವುದಿಲ್ಲ. ಧ್ವನಿವರ್ಧಕವನ್ನು ಇನ್ನಷ್ಟು ಏರಿಸುತ್ತೇವೆ, ಇನ್ನಷ್ಟು ತಿಳಿಯುವುದಿಲ್ಲ. 2010ರಲ್ಲಿ ಭೌಗೋಳಿಕ ಗುರುತು ಪಡೆದ ಕಾಸರಗೋಡು ಸೀರೆಯ ನೇಕಾರರೂ ನಮ್ಮ ನಡುವೆ ಇದ್ದಾರೆ. ಅವರ ಸೊಸೈಟಿ 1938ರದು. ಒಳಾಂಗಣ ವಿನ್ಯಾಸ ಓದುವ ನಮ್ಮ ಮಕ್ಕಳು ಊರಿಗೆ ಬಂದಾಗ ಅಲ್ಲಿಗೂ ಒಂದು ಸಲ ಹೋಗಿ ಕುಳಿತು ಬರಬಹುದು.

ಹುಡುಗಿಯ ಎರಡನೆಯ ನಕ್ಷೆ ತಯಾರಾಗಿದೆ. ಉದ್ದನೆಯ ಸಾಲುಕೋಣೆ, ಬೆಳಿಗ್ಗೆ ಹಾಸಿಗೆ, ಸಂಜೆ ಮಕ್ಕಳ ಓದಿಗೆ. ಒಂದು ಬದಿಗೆ ನಾಲ್ಕು ಗುಂಡಿಮಗ್ಗ, ಕೆಲಸವಿಲ್ಲದಾಗ ಗುಂಡಿಗೆ ಮರದ ಮುಚ್ಚಳ. ಮಗ್ಗಗಳನ್ನು ಒಂದರ ಹಿಂದೆ ಒಂದಾಗಿ ಇಟ್ಟಿಲ್ಲ, ಎರಡೆರಡು ಮುಖಾಮುಖಿಯಾಗಿವೆ. ಯಂತ್ರಮಗ್ಗ ಇಟ್ಟುಕೊಂಡ ಮನೆಗಳವರು ತಮಗೂ ಅದರಲ್ಲಿ ಪಾಲು ಬೇಕೆಂದು ಕೇಳಿದ್ದರಿಂದ ನೂಲು ಸುತ್ತುವ ಜಾಗವನ್ನು ದೊಡ್ಡದು ಮಾಡಿದ್ದಾಳೆ. ಗೋಡೆಯಲ್ಲಿ ಮಗುವಿನ ಕೈಗೆಟಕುವ ಎತ್ತರಕ್ಕೆ ಒಂದು ಕಪ್ಪು ಹಲಗೆಯಿದೆ. ಅದರಲ್ಲಿ ಅ, ಆ ಬರೆದುಕೊಡಲು ಯಾರಾದರೂ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಬಂದು ನಿಲ್ಲಬಹುದೇ ಎಂದು ಅಲ್ಲಿನವರು ಕೇಳಿದರು. ನಾವು ಏಪ್ರಿಲಿಗೆ ಹೋಗುವುದೆಂದು ಒಪ್ಪಿದ್ದೇವೆ. ಒಂದನೆಯ ತರಗತಿಯ ಹಳೆ ಪಠ್ಯಪುಸ್ತಕಗಳು ಮನೆಯಲ್ಲಿ ಬಿದ್ದಿದ್ದರೆ ವಾಚಕರು ಅವನ್ನು ರದ್ದಿಗೆ ಹಾಕದೆ ಹತ್ತಿರದ ಕನ್ನಡ ಶಾಲೆಗೆ ಮುಟ್ಟಿಸಿದರೆ, ಹೋಗುವಾಗ ಕೊಂಡೊಯ್ಯುತ್ತೇವೆ.