ಹಕ್ಕಿ ನೋಡಿದ ಸಲೀಂ ಅಲಿ

ಹಕ್ಕಿ ನೋಡೂದೂ ಒಂದು ಕೆಲಸವೇನು ಅಂತ ನೀವು ಕೇಳಬಹುದು. ಸಲೀಂ ಅಲಿಯವರು ಜೀವನಪೂರ್ತಿ ಅದನ್ನೇ ಮಾಡಿದರು. ಅವರು 1896ನೇ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಸಣ್ಣವರಿದ್ದಾಗಲೇ ತಂದೆ-ತಾಯಿ ತೀರಿಕೊಂಡರು. ಸೋದರಮಾವ ಸಾಕಿದರು.

ಹುಡುಗನಿದ್ದಾಗ ಅವರ ಹತ್ತಿರ ಛರ್ರೆ ಬಂದೂಕು ಇತ್ತು. ಒಂದು ದಿನ ಒಂದು ಗುಬ್ಬಿ ಹೊಡೆದರು. ನೋಡಿದರೆ ಅದರ ಕುತ್ತಿಗೆಗೆ ಹಳದಿ ಮಚ್ಚೆ! ಇದ್ಯಾವ ಗುಬ್ಬಿ ಅಂತ ತಿಳಿಯಲು ಮಾವ ಅವರನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಗೆ ಕಳಿಸಿದರು. ಅಲ್ಲಿ ಮಿಲ್ಲರ್ಡ್ ಸಾಹೇಬರು ಸಂಗ್ರಹಿಸಿಟ್ಟಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಅಲ್ಲಿಂದ ಹಿಡಿದ ಹುಚ್ಚು ಕಡೀತನಕ ಬಿಡಲಿಲ್ಲ. ನಮ್ಮ ಕ್ಲಾಸಿನಾಗ ಗುಲೇಲ ಹಿಡಿದು ತಿರುಗುವವರು ಇದನ್ನು ಎರಡು ಸಲ ಓದಬೇಕು. ಹೆಸರು ಬರೆಯುವುದಿಲ್ಲ.

1930ರಲ್ಲಿ ಅವರಿಗೆ ನೌಕರಿ ಇರಲಿಲ್ಲ. ಸಮುದ್ರದ ದಂಡೆಯ ಕಿಹೀಮ್ ಎಂಬ ಊರಲ್ಲಿ ಇದ್ದುಕೊಂಡು ಗೀಜಗವನ್ನು ನೋಡಿದರು. ಗೂಡು ಹೆಣೆಯುವುದು ಗಂಡು. ಅರ್ಧ ಹೆಣೆದಾಗ ಹೆಣ್ಣು ಬಂದು ಒಳಗೆ ಹೊಕ್ಕು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಗಂಡು ಗೂಡು ಪೂರ್ತಿ ಮಾಡುತ್ತದೆ, ಆಮೇಲೆ ಬೇರೆ ಹೆಣ್ಣಿಗಾಗಿ ಮತ್ತೊಂದು ಶುರು ಮಾಡುತ್ತದೆ! ನಮ್ಮ ಭಾಂವಿ ಮ್ಯಾಲಿನ ಜಾಲಿ ಗಿಡದಾಗ ಏಳು ಅರ್ಧ ಗೂಡು ನೇತಾಡ್ತಾವ. ಗಾಳಿಗೆ ಹರಿದಾವ ಅಂತ ತಿಳಿದಿದ್ದೆ. ಪಾಪ, ಒಪ್ಪಿಗೆಯಾಗದ ಮನೆಗಳು ಇರಬೇಕು.

ಮುಂದೆ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದರು. ಆಗ ನಮ್ಮ ಬೀದರ, ಭಾಲ್ಕಿ, ಔರಾದ ಎಲ್ಲ ನಿಜಾಮರ ಆ ಸಂಸ್ಥಾನದಲ್ಲೇ ಇದ್ದವು. ಪಗಾರ ಬೇಡ, ಖರ್ಚು ಕೊಟ್ಟರೆ ಸಾಕು ಅಂದಿದ್ದರಂತೆ. ಹೆಂಡತಿ ತೆಹಮಿನಾ ಅವರೂ ಜೊತೆಗೆ ತಿರುಗಿದರು. ಸರ್ವೆಗಾಗಿ ಹಕ್ಕಿ ಹೊಡೆಯುತ್ತಿದ್ದರು ಎಂಬುದು ಮಾತ್ರ ನನಗೆ ಸೇರಲಿಲ್ಲ. ಆಗಿನ ಕಾಲದಲ್ಲಿ ಹಕ್ಕಿ ಗುರುತಿಸುವ ಪದ್ಧತಿ ಹಾಗೇ ಇತ್ತು.

ಆಮೇಲೆ ಮೈಸೂರು ಸೀಮೆಗೆ ಹೋದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದ್ದನ್ನು ಕಂಡು, ಇದನ್ನು ಕಾಪಾಡಬೇಕು ಅಂತ ಒಡೆಯರಿಗೆ ಹೇಳಿದರು. 1940ರಲ್ಲಿ ಅದು ರಂಗನತಿಟ್ಟು ಪಕ್ಷಿಧಾಮವಾಯಿತು. ಸಲೀಂ ಅಲಿಯವರು 1987ರಲ್ಲಿ ತೀರಿಕೊಂಡರು, ಪಕ್ಷಿಧಾಮ ಇನ್ನೂ ಇದೆ.

ಅಲ್ಲಿ ಕಡಲಕಾಗೆಯ ಬಳಗದ ಹೊಳೆ ರೀವ ಎಂಬ ಹಕ್ಕಿಯೂ ಇರುತ್ತದೆ. ಅದು ಗೂಡು ಕಟ್ಟುವುದೇ ಇಲ್ಲ. ಬ್ಯಾಸಗಿಯಾಗ ನೀರು ಇಳಿದಾಗ ಬರೀ ಬಂಡೆ ಮೇಲೆ ತತ್ತಿ ಇಡುತ್ತದೆ. ಡ್ಯಾಮಿನಿಂದ ಒಮ್ಮೆಲೆ ನೀರು ಬಿಟ್ಟರೆ ತತ್ತಿ ಎಲ್ಲ ತೇಲಿ ಹೋಗ್ತಾವ. ಪಕ್ಷಿಧಾಮ ಅಂತ ಬೋರ್ಡು ಹಾಕಿದ್ದು ನೀರಿಗೆ ಹ್ಯಾಂಗ ಗೊತ್ತಾಗಬೇಕು?